ಕೆಳಗಿನ ರಸ್ತೆಯ ಬಸ್ಸು

ಖಾಕಿ ಅಂಗಿಯ ಕುತ್ತಿಗೆ ಗುಂಡಿ ಹಾಕಲೋ ಬೇಡವೋ ಎಂದು ಅವಳು ಕೈ ತಡೆದಳು. ಬದುಕಿದ್ದಾಗ ಒಂದು ದಿನವೂ ಅದನ್ನು ಹಾಕಿದವನಲ್ಲ ಗಂಡ. ಮೇಲಿನವರು ಬೈದರೆ, “ಬಸ್ ಓಡಿಸೋದು ಕುತ್ತಿಗೆ ಅಲ್ಲ ಸ್ವಾಮಿ, ಕೈಕಾಲು” ಎಂದು ನಗುತ್ತಿದ್ದ. ಗುಂಡಿಯನ್ನು ಹಾಗೇ ಬಿಟ್ಟಳು.

“ಅತ್ತಿಗೆ, ಬಿಸಿಲೇರೋದ್ರೊಳಗೆ ಹೊರಡೋಣ,” ಎಂದ ಮೈದುನ.

ಅಂಗಳದಲ್ಲಿ ಸೊಪ್ಪು ಬೆಳೆಯುವ ಹೆಂಗಸರು ತುಂಬಿದ್ದರು. ನಸುಕಿನಲ್ಲೇ ಕಿತ್ತು ತಂದವರಿಗೆ ಡ್ರೈವರ್ ರಾತ್ರಿ ತೀರಿಕೊಂಡ ಸುದ್ದಿ ಸಿಕ್ಕಿದ್ದು ನಿಲ್ದಾಣದೆದುರಿನ ಈ ಮನೆಯ ಬಾಗಿಲಲ್ಲೇ. ಬುಟ್ಟಿಗಳನ್ನು ಬೇಲಿಯ ಪಕ್ಕ ಇಳಿಸಿ ಒಳಗೆ ಬಂದಿದ್ದರು. ಸಾವಿನ ಮನೆಯಲ್ಲಿ ಸೊಪ್ಪಿನ ಮಾತೆತ್ತಲು ಯಾರಿಗೂ ಬಾಯಿ ಬಾರದು. ಆದರೆ ಕಣ್ಣು ಕೇಳಬೇಕಲ್ಲ, ಮತ್ತೆ ಮತ್ತೆ ಬೇಲಿಯ ಕಡೆಗೇ ಹೋಗುತ್ತಿತ್ತು.

“ಇವತ್ತು ಬಸ್ಸು?” ಒಬ್ಬಳು ಮೈದುನನನ್ನು ಮೆಲ್ಲಗೆ ಕೇಳಿದಳು.

“ಡಿಪೋಗೆ ಫೋನ್ ಮಾಡಿದ್ದೆ. ಮೇಲ್ಸೇತುವೆ ಬಿಟ್ಟು ಕೆಳಗೆ ಇಳಿಯೋಕೆ ನನಗೇನು ಹುಚ್ಚು ನಾಯಿ ಕಚ್ಚಿದೆಯಾ ಅಂದ ಹೊಸ ಡ್ರೈವರ್.”

“ಹಂಗಾದ್ರೆ ಹೊಲ ಮಾರಿ ಪೇಟೇಲಿ ಪಾತ್ರೆ ತಿಕ್ಕೋದೇ ಗತಿ,” ಎಂದಳು ಇನ್ನೊಬ್ಬಳು. ಒಳಗೆ ಹೆಣದ ಬಳಿಯಿದ್ದ ಹೆಂಡತಿಗೂ ಅದು ಕೇಳಿಸಿತು.

* * *

ಮೇಲ್ಸೇತುವೆಯಾದ ವರ್ಷ ಬಸ್ಸುಗಳೆಲ್ಲ ಊರಿನ ತಲೆಯ ಮೇಲೆ ಹಾದುಹೋದವು. ಪೇಟೆ ಹತ್ತಿರವಾಯಿತೆಂದು ಮೇಲೆ ಹೋಗುವವರು ಹೊಗಳಿದರು; ಕೆಳಗೆ ಸೊಪ್ಪು ಬುಟ್ಟಿಯಲ್ಲೇ ಬಾಡಿತು. ಅವಳ ಗಂಡನೊಬ್ಬ ಮಾತ್ರ ಬಸ್ಸನ್ನು ಹಳೇ ರಸ್ತೆಗೆ ಇಳಿಸಿ, ತಿರುವಿನಲ್ಲೇ ಎರಡು ಸಲ ಹಾರನ್ ಹೊಡೆದು, ಬುಟ್ಟಿಗಳನ್ನು ಏರಿಸಿಕೊಂಡು ಹೋಗುತ್ತಿದ್ದ. ದಿನಾ ತಡ. ಬಡ್ತಿ ಕೈತಪ್ಪಿತು.

“ಊರು ಉದ್ಧಾರ ಮಾಡೋಕೆ ನೀವೇನು ಗುತ್ತಿಗೆ ಹಿಡಿದಿದ್ದೀರಾ?” ಅವಳು ಕೂಗಾಡಿದ್ದಳು.

“ರಸ್ತೆ ಮಾಡಿದೋರಿಗೆ ಅವರು ಕಾಣಲಿಲ್ಲ ಕಣೆ. ನನಗೆ ಕಾಣ್ತಾರೆ, ಏನ್ಮಾಡ್ಲಿ?”

ಅವಳ ಸಿಟ್ಟು ಇಳಿಯಲಿಲ್ಲ. ಹೆಂಗಸರು ಏದುಸಿರು ಬಿಡುತ್ತ ಬುಟ್ಟಿ ಎತ್ತುವಾಗ ಕಿಟಕಿಯಲ್ಲಿ ನಿಂತು ನೋಡಿದಳೇ ಹೊರತು ಒಂದು ದಿನವೂ ಕೈ ಹಚ್ಚಲಿಲ್ಲ.

* * *

ನಾಲ್ವರು ಶವದ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಬಾಗಿಲು ದಾಟಿದ್ದರಷ್ಟೇ. ತಿರುವಿನಲ್ಲಿ ಹಾರನ್ ಎರಡು ಸಲ ಕೂಗಿತು.

ಹೊತ್ತವರು ನಿಂತುಬಿಟ್ಟರು. ಬಸ್ಸು ಬಂದು ಬೇಲಿಯ ಮುಂದೆ ನಿಂತಿತು. ಹೊಸ ಡ್ರೈವರ್ ಮುಖ ಗಂಟಿಕ್ಕಿಕೊಂಡು ತಲೆ ಹೊರಹಾಕಿದ.

“ಬೇಗ ಹತ್ತಿಸ್ರಮ್ಮ! ಕೆಳಗೆ ಇಳಿ, ಎರಡು ಸಲ ಹಾರನ್ ಹೊಡಿ ಅಂತ ಕಂಡಕ್ಟರ್ ಪ್ರಾಣ ತಿಂದ. ದಿನಾ ಹಿಂಗೆ ಕಾಯಿಸಿದ್ರೆ ನನ್ನ ಕೈಲಾಗಲ್ಲ…” ಪೆಟ್ಟಿಗೆ ಕಂಡು ಅವನ ದನಿ ತಗ್ಗಿತು.

ಒಬ್ಬಳೂ ಅಲುಗಲಿಲ್ಲ. ಎಲ್ಲರೂ ನೆಲ ನೋಡುತ್ತ ನಿಂತರು.

“ನಿಂತಿದ್ದೀರಲ್ರೇ? ಹೋಗಿ,” ಎಂದಳು ಅವಳು. “ಇವರು ಕಾಯ್ತಾರೆ. ಬಸ್ಸು ಕಾಯಲ್ಲ.”

ಹೆಂಗಸರು ಅಳುತ್ತಲೇ ಓಡಿದರು. ಕೊನೆಯದೊಂದು ಬುಟ್ಟಿ ಉಳಿದಿತ್ತು. ಅವಳೇ ಬಗ್ಗಿ ಅದನ್ನು ತಲೆಗೇರಿಸಿಕೊಂಡಳು. ನೀರು ಚಿಮುಕಿಸಿದ ಸೊಪ್ಪು. ಬುಟ್ಟಿಯ ಸಂದಿನಿಂದ ನೀರು ಅವಳ ಹಣೆಗಿಳಿದು, ಕೆನ್ನೆಗಿಳಿದು, ಗಲ್ಲದಿಂದ ತೊಟ್ಟಿಕ್ಕಿತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.