ಸಂಜೆಯ ಕಣ್ಣು

ಬಿ.ಸಿ.ರೋಡಿನಲ್ಲಿ ನಾನು ಬೋರ್ಡು ಹಾಕಿದ ಹೊಸತರಲ್ಲಿ, ರೆಪ್ಪೆ ಎತ್ತಲಿಕ್ಕೂ ಒಬ್ಬ ಡಾಕ್ಟರಾ ಎಂದು ನಕ್ಕವರೇ ಹೆಚ್ಚು. ಈಗ ಅವರೇ ಟೋಕನ್ ಹಿಡಿದು ಕೂರುತ್ತಾರೆ. ಜೋತುಬಿದ್ದ ರೆಪ್ಪೆ, ಕಣ್ಣಡಿಯ ಚೀಲ, ಕನ್ನಡಕ ಬಿಡಿಸುವ ಲೇಸರ್, ಕಣ್ಣಿನ ಪೊರೆ, ಎಲ್ಲವೂ ಬರುತ್ತವೆ. ಬುಧವಾರ ಬೆಳ್ತಂಗಡಿಯಲ್ಲಿ ರೋಗಿಗಳನ್ನು ನೋಡುತ್ತೇನೆ, ಶುಕ್ರವಾರ ಮೂಡುಬಿದಿರೆಯಲ್ಲಿ ಆಪರೇಷನ್. ನನ್ನ ಕೈ ಒಳ್ಳೆಯದು. ಜಂಬದವಳು ಎನ್ನುವವರು ಎನ್ನಲಿ. ಎರಡು ರೆಪ್ಪೆ ಒಂದೇ ಮಟ್ಟಕ್ಕೆ ನಿಲ್ಲಬೇಕಾದರೆ ವಿನಯ ಸಾಲದು, ಕೈ ಬೇಕು. ಆದರೂ ನನಗೆ ಎಲ್ಲಕ್ಕಿಂತ ಹೆಮ್ಮೆ ಇರುವುದು ನಾನು ಮಾಡದೆ ಬಿಟ್ಟ ಒಂದು ಆಪರೇಷನ್ನಿನ ಬಗ್ಗೆ.

ಸಿದ್ಧಕಟ್ಟೆಯ ಕಾಂತಿಯಕ್ಕ ಮಗಳನ್ನು ಕರೆದುಕೊಂಡು ಬಂದದ್ದು ಒಂದು ಸಂಜೆ. ಹೊರಗೆ ಪರಿಚಯದವರು ಯಾರೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಬಂದರು. ಮಗಳು ಸಾತ್ವಿಕಾ ಶಾಲೆಯಲ್ಲಿ ಟೀಚರ್. ಅವಳ ಎಡಗಣ್ಣಿನ ರೆಪ್ಪೆ ಪಾಪೆಯನ್ನು ಅರ್ಧ ಮುಚ್ಚಿತ್ತು. ಮುಂದಿನ ತಿಂಗಳು ಮದುವೆ. ಹುಡುಗ ಶ್ರವಣ್‌ಗೆ ಬಹರೈನಿನ ಹೋಟೆಲೊಂದರಲ್ಲಿ ಕೆಲಸ.

“ಹುಟ್ಟಿನಿಂದಲೇ ಸ್ವಲ್ಪ ಹಾಗೆ ಡಾಕ್ಟ್ರೇ,” ಎಂದರು ಕಾಂತಿಯಕ್ಕ. “ಅವರ ಕಡೆಯವರಿಗೆ ಗೊತ್ತಿಲ್ಲ. ಈ ಶುಕ್ರವಾರವೇ ಎತ್ತಿ ಬಿಡಿ, ಮದುವೆಗಾಗುವಾಗ ಗಾಯ ಮಾಸ್ತದೆ.”

ರೆಪ್ಪೆ ಎತ್ತುವ ಮೊದಲು ನಾನು ಹಳೆಯ ಫೋಟೋ ಕೇಳುತ್ತೇನೆ. ಅವರು ಮೊಬೈಲಿನಲ್ಲಿ ನಿಶ್ಚಿತಾರ್ಥದ್ದು ತೋರಿಸಿದರು. ಎರಡು ಕಣ್ಣೂ ಸರಿಸಮ ಇದ್ದವು.

“ಹುಟ್ಟಿನಿಂದ ಅಂದಿರಲ್ಲ?”

“ಅದು ಫೋಟೋದವ ಎಡಿಟ್ ಮಾಡಿದ್ದು,” ಎಂದರು ಕಾಂತಿಯಕ್ಕ, ಒಂದು ಕ್ಷಣವೂ ತಡವರಿಸದೆ.

ನನಗೆ ಸಿಟ್ಟು ಬರುವುದು ಬೇಗ. ಆದರೆ ಈ ಸುಳ್ಳಿನ ಚುರುಕಿಗೆ ನಗು ಬಂತು. ಸಾತ್ವಿಕಾಳಿಗೆ ರೆಪ್ಪೆ ಬಡಿಯದೆ ಮೇಲಿನ ಫ್ಯಾನನ್ನೇ ನೋಡಲು ಹೇಳಿದೆ. ಸ್ವಲ್ಪ ಹೊತ್ತಿನಲ್ಲೇ ಎಡಗಣ್ಣು ಪೂರ್ತಿ ಮುಚ್ಚಿತು, ಬಲಗಣ್ಣಿನ ರೆಪ್ಪೆಯೂ ಇಳಿಯತೊಡಗಿತು. ಅಲ್ಲಿಗೆ ನನ್ನ ನಗು ನಿಂತಿತು.

“ಬೆಳಿಗ್ಗೆ ಹೇಗಿರ್ತದೆ ಮಗಾ?”

ಅವಳು ಅಮ್ಮನ ಮುಖ ನೋಡಿದಳು. ಮತ್ತೆ ನನ್ನ ಮುಖ ನೋಡಿ ಹೇಳಿದಳು. “ಬೆಳಿಗ್ಗೆ ಸರಿ ಇರ್ತದೆ. ಸಂಜೆಯಾಗುವಾಗ ಬೀಳ್ತದೆ. ಶುರುವಾದದ್ದು ನಿಶ್ಚಿತಾರ್ಥ ಆದ ಮೇಲೆ. ಅದಕ್ಕೇ ಅವರ ಹತ್ತಿರ ವೀಡಿಯೊ ಕಾಲ್ ಬೆಳಿಗ್ಗೆ ಶಾಲೆಗೆ ಹೋಗುವ ಮೊದಲೇ ಮಾಡೂದು.”

ನರ್ಸ್ ಫಾಯಿಝಾಳಿಗೆ ಐಸ್ ತರಲು ಹೇಳಿದೆ. ಕ್ಲಿನಿಕ್ಕಿನ ಫ್ರಿಜ್ಜಿನಲ್ಲಿ ಇರಲಿಲ್ಲ. ಅವಳು ಕೆಳಗಿಳಿದು, ಮೀನು ಮಾರುವ ಸಂಕಪ್ಪನ ಪೆಟ್ಟಿಗೆಯಿಂದ ಒಂದು ಮುಷ್ಟಿ ತಂದು ಆಪರೇಷನ್ನಿನ ಗ್ಲೌಸಿಗೆ ತುಂಬಿಸಿ ಗಂಟು ಹಾಕಿದಳು.

“ಮದುಮಗಳಿಗೆ ಬಂಗುಡೆ ವಾಸನೆಯಾ!” ಕಾಂತಿಯಕ್ಕ ಮೂಗು ಮುಚ್ಚಿಕೊಂಡರು.

“ವಾಸನೆ ಸೋಪಿಗೆ ಹೋಗ್ತದೆ. ಸುಮ್ಮನಿರಿ.”

ಎರಡು ನಿಮಿಷ ಕಣ್ಣಿನ ಮೇಲೆ ಇಟ್ಟು ತೆಗೆದೆ. ಬಿದ್ದಿದ್ದ ರೆಪ್ಪೆ ತಾನಾಗಿ ಮೇಲೆದ್ದು ನಿಂತಿತು. ಕಾಂತಿಯಕ್ಕ ಕೈಮುಗಿದರು. “ದೇವರೇ! ಹಾಗಾದ್ರೆ ಆಪರೇಷನ್ನೂ ಬೇಡ. ಮದುವೆ ದಿನ ಒಂದು ಪೆಟ್ಟಿಗೆ ಐಸ್ ಇಟ್ಕೊಳ್ಳುವ!”

“ಮದುವೆಯ ಮರುದಿನ ಏನು ಮಾಡ್ತೀರಿ? ಐಸ್ ಫ್ಯಾಕ್ಟರಿ ವರದಕ್ಷಿಣೆ ಕೊಡ್ತೀರಾ?” ನನ್ನ ದನಿ ಏರಿತ್ತು. ಆಮೇಲೆ ಕುಳಿತು ವಿವರಿಸಿದೆ. ಇದು ರೆಪ್ಪೆಯ ದೋಷವಲ್ಲ, ನರದ ಮಾತು ಸ್ನಾಯುವಿಗೆ ಸರಿಯಾಗಿ ತಲುಪದ ಕಾಯಿಲೆ. ದಣಿದಷ್ಟೂ ಸ್ನಾಯು ಸೋಲುತ್ತದೆ, ತಂಪು ತಾಗಿದರೆ ಸ್ವಲ್ಪ ಹೊತ್ತು ಚೇತರಿಸಿಕೊಳ್ಳುತ್ತದೆ, ಅಷ್ಟೇ. ಸಂಜೆಯ ಅಳತೆಗೆ ಎತ್ತಿ ಹೊಲಿದರೆ ಬೆಳಿಗ್ಗೆ ಕಣ್ಣು ಸರಿಯಾಗಿ ಮುಚ್ಚುವುದಿಲ್ಲ. ರಕ್ತಪರೀಕ್ಷೆ, ಎದೆಯ ಸ್ಕ್ಯಾನ್ ಆಗಬೇಕು, ಮಂಗಳೂರಿನ ನರರೋಗ ತಜ್ಞರನ್ನು ಕಾಣಬೇಕು. ಮಾತ್ರೆಗೆ ಚೆನ್ನಾಗಿ ಬಗ್ಗುವ ಕಾಯಿಲೆಯೇ. ಆದರೆ ಕೆಲವರಿಗೆ ಮುಂದೆ ನುಂಗಲು, ಉಸಿರಾಡಲು ಕಷ್ಟವಾಗುವುದುಂಟು. ಆಗ ಜೊತೆಗಿರುವವರಿಗೆ ವಿಷಯ ಗೊತ್ತಿರಲೇಬೇಕು.

“ಸಾವಿರ ಸುಳ್ಳು ಹೇಳಿಯಾದ್ರೂ ಒಂದು ಮದುವೆ ಮಾಡು ಅಂತಾರೆ ಡಾಕ್ಟ್ರೇ. ನಾನು ಹೇಳೂದು ಒಂದೇ.” ಕಾಂತಿಯಕ್ಕನ ಕಣ್ಣು ತುಂಬಿತ್ತು. “ಹೇಳಿದ್ರೆ ಸಂಬಂಧ ಮುರೀತದೆ. ಆಮೇಲೆ ಇವಳನ್ನು ಯಾರು ಕೇಳ್ತಾರೆ?”

ಅವರ ಹೆದರಿಕೆ ಸುಳ್ಳಲ್ಲ, ನಮ್ಮ ಊರು ನನಗೂ ಗೊತ್ತು. ಆದರೂ ನಾನು ಮಣಿಯಲಿಲ್ಲ. “ಆಪರೇಷನ್ ನಾನು ಮಾಡುವುದಿಲ್ಲ. ಬೇರೆ ಯಾರಾದ್ರೂ ಮಾಡ್ತೇನೆ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಹುಡುಗನಿಗೆ ಹೇಳುವುದು ಬಿಡುವುದು ನನ್ನ ಬಾಯಿಯ ವಿಷಯ ಅಲ್ಲ, ಸಾತ್ವಿಕಾಳದ್ದು.”

ಅಷ್ಟರಲ್ಲಿ ಐಸಿನ ಗುಣ ಇಳಿದು ಸಾತ್ವಿಕಾಳ ರೆಪ್ಪೆ ಮೆಲ್ಲಗೆ ಮೊದಲಿನ ಜಾಗಕ್ಕೆ ಬಂತು. ಅವಳು ಗೋಡೆಯ ಕನ್ನಡಿಯಲ್ಲಿ ಅದನ್ನು ನೋಡಿದಳು, ಬ್ಯಾಗಿನಿಂದ ಫೋನ್ ತೆಗೆದು ವೀಡಿಯೊ ಕಾಲ್ ಒತ್ತಿದಳು. ಕಾಂತಿಯಕ್ಕ “ಬೇಡ ಮಗಳೇ” ಎನ್ನುವಷ್ಟರಲ್ಲಿ ಶ್ರವಣ್ ತೆರೆಯ ಮೇಲೆ ಬಂದಿದ್ದ.

“ಏನು ಈ ಹೊತ್ತಿಗೆ? ಕಣ್ಣಿಗೆ ಏನಾಯ್ತು?”

“ಸಂಜೆ ದಿನಾ ಹೀಗೇ ಇರ್ತದೆ. ಕಾಯಿಲೆಯಂತೆ. ನಿಮಗೆ ಕಾಣಬಾರದು ಅಂತ ಬೆಳಿಗ್ಗೆ ಮಾತ್ರ ಫೋನ್ ಮಾಡ್ತಿದ್ದೆ.” ಹೇಳಬೇಕಾದದ್ದನ್ನೆಲ್ಲ ಹೇಳಿದಳು, ಅಳದೆ, ಪಾಠ ಮಾಡುವ ದನಿಯಲ್ಲಿ. ಕೊನೆಗೆ “ಮದುವೆ ಬೇಡ ಅಂತಾದ್ರೆ ಈಗಲೇ ಹೇಳಿ” ಎಂದಳು.

ಅವನು ಫೋನನ್ನು ಮುಖದ ಹತ್ತಿರ ತಂದ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

“ಅದಕ್ಕಾ ನನ್ನನ್ನು ದಿನಾ ಇಲ್ಲಿಯ ಐದು ಗಂಟೆಗೆ ಎಬ್ಬಿಸ್ತಿದ್ದದ್ದು?” ಎಂದ. ದನಿಯಲ್ಲಿ ನೋವಿತ್ತು. “ಬೆಳಗಾದ ಕೂಡ್ಲೇ ನನ್ನ ಹತ್ತಿರ ಮಾತಾಡ್ಲಿಕ್ಕೆ ಆಸೆ ಅಂತ ತಿಳ್ಕೊಂಡಿದ್ದೆ ಮಾರಾಯ್ತಿ.” ಸಾತ್ವಿಕಾ ತಲೆ ತಗ್ಗಿಸಿದಳು. ಕಾಂತಿಯಕ್ಕ ಸೆರಗನ್ನು ಬಾಯಿಗೊತ್ತಿಕೊಂಡರು.

“ಡಾಕ್ಟ್ರು ಅಲ್ಲೇ ಇದ್ದಾರಾ? ಅವರಿಗೆ ಕೊಡು.”

ಫೋನ್ ನನ್ನ ಕೈಗೆ ಬಂತು. ದೊಡ್ಡ ವಾಗ್ವಾದಕ್ಕೇ ಸಿದ್ಧಳಾಗಿ ಬೆನ್ನು ನೆಟ್ಟಗೆ ಮಾಡಿ ಕುಳಿತೆ.

“ಮೇಡಂ,” ಎಂದ ಅವನು, “ಆ ಮಾತ್ರೆ ಇಲ್ಲಿ ಬಹರೈನಿನಲ್ಲಿ ಸಿಗ್ತದಾ? ಸಿಗದಿದ್ರೆ ಇವಳು ಬರುವಾಗಲೇ ಕಟ್ಟಿಕೊಂಡು ಬರ್ಬೇಕಲ್ಲ.”

“ಸಿಗ್ತದೆ” ಎಂದೆ, ನೆಟ್ಟಗೆ ಮಾಡಿದ್ದ ಬೆನ್ನನ್ನು ಕುರ್ಚಿಗೆ ಒರಗಿಸಿ. ಸಾತ್ವಿಕಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಹೊರಗಿನ ವರಾಂಡಕ್ಕೆ ಹೋದಳು. ಕಾಂತಿಯಕ್ಕ ರೋಗಿಯ ಕುರ್ಚಿಯಲ್ಲಿ ಕುಸಿದು ಕುಳಿತು, ಮದುವೆಗೆ ನಾನು ಬರಲೇಬೇಕು ಎಂದು ಅಳುತ್ತಲೇ ಕರೆದರು.