ಗುಣವತಿ ಒಳಗೆ ಬಂದದ್ದು

"ಕೂಸಿನ ತಲೆ ಕೆಳ್ಗೇ ಇತ್ತ್" ಎನ್ನಲು ಬಾಯಿ ತೆರೆದ ಗುಣವತಿ, ಉಮಾವತಿ ಮುಖ ಕಿವುಚಿದ್ದು ಕಂಡು ಕೈ ತೆಗೆದಳು. ಬಸುರಿಯ ಹೊಟ್ಟೆಯನ್ನು ಸೂಲಗಿತ್ತಿಯ ಹೆಬ್ಬೆರಳು ಕೆಸರಿಗೆ ಭತ್ತದ ನೇಜಿ ಊರುವ ಹಾಗೆ ಒತ್ತಿತ್ತು. ಬೆಳಿಗ್ಗೆಯಿಂದ ಬಿಜೂರಿನ ಬಯಲಲ್ಲಿ ನಟ್ಟಿ ಮಾಡುತ್ತಿದ್ದವಳನ್ನು ಹೆರಿಗೆಗೆಂದು ಕರೆದು ತಂದಿದ್ದರು. ಕೈಕಾಲು ತೊಳೆದದ್ದೇನೋ ಸರಿ, ಕಣ್ಣೆದುರು ಇನ್ನೂ ನೇಜಿಯ ಸಾಲೇ ಇತ್ತು.

ಅವಳು ಎದ್ದು ಹೊರಗೆ ಬಂದು ಜಗಲಿಯಲ್ಲಿ ಕುಳಿತಳು.

ಉಮಾವತಿಯ ಅತ್ತೆ ಗುಲಾಬಿ ಬೆನ್ನಿಗೇ ಬಂದಳು. ಸಮಾಧಾನ ಎಂಬುದು ಆ ಹೆಂಗಸಿಗೆ ಹುಟ್ಟಿನಿಂದಲೇ ಇಲ್ಲ, ಈಗ ಹೆದರಿಕೆಯೂ ಸೇರಿತ್ತು. ಹೋದ ವರ್ಷ ಸೊಸೆಯ ಚೊಚ್ಚಲ ಕೂಸು ಇದೇ ಗುಣವತಿಯ ಕೈಯಲ್ಲಿ ಅಳದೆಯೇ ಹೋಗಿತ್ತು.

"ಅಲ್ಲ ಗುಣವತಿ, ಒಳ್ಗ್ ಆ ಹೆಣ್ಣ್ ಒದ್ದಾಡ್ತಾ ಇತ್ತ್, ನೀ ಇಲ್ಲ್ ಬಂದ್ ಕೂಕಂಡದ್ದ್ ಎಂತಕೆ?"

"ಮೈ ಬಂತ್ ಅಕ್ಕ. ಮನ್ಸ್ ಇನ್ನೂ ನಟ್ಟಿ ಗೆದ್ದಿಯಗೇ ಇತ್ತ್. ಒಂಚೂರ್ ನಿಲ್ಲಿ."

"ನಿನ್ ಮನ್ಸ್ ಬಪ್ಪ ತಂಕ ಹೆರಿಗೆ ನಿಲ್ಲತ್ತಾ?"

ಹೆದರಿಕೆ ಗುಣವತಿಗೂ ಇತ್ತು. ಆದರೆ ನಟ್ಟಿಯ ಈ ಕೈಯನ್ನೇ ಹೊತ್ತು ಒಳಗೆ ಹೋಗಲು ಅದಕ್ಕಿಂತ ಹೆಚ್ಚು ಹೆದರಿಕೆ.

ಒಳಗಿಂದ ಉಮಾವತಿ ಉಸಿರು ಕಟ್ಟಿ ಹೇಳಿದಳು: "ಅತ್ತೆ, ಅವ್ರ್ ಕೂಕಣ್ಲಿ. ನಾ ತಡ್ಕಂತೆ."

ಗುಲಾಬಿ ಗೊಣಗುತ್ತ ಬಿಸಿನೀರಿನ ಹಂಡೆಯತ್ತ ನಡೆದಳು. ಗುಣವತಿ ಬೆರಳುಗಳನ್ನೇ ನೋಡುತ್ತ ಕುಳಿತಳು. ಹೆಬ್ಬೆರಳಿನ ಬಿಗಿ ಮೆಲ್ಲಗೆ ಬಿಟ್ಟಿತು. ಕಿವಿಯಲ್ಲಿದ್ದ ಬಯಲಿನ ಹೆಂಗಸರ ಮಾತೂ ನಿಂತು, ಒಳಗಿನ ನರಳಿಕೆಯೊಂದೇ ಕೇಳತೊಡಗಿದಾಗ ಎದ್ದಳು.

ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ಕತ್ತಲೆ ಕೋಣೆಯಲ್ಲಿ ಹೊನ್ನೆಎಣ್ಣೆಯ ದೀಪ ಉರಿಯುತ್ತಿತ್ತು. ಈ ಸಲ ಅಂಗೈ ಹಗುರವಾಗಿ ಕೂತಿತು. ಕೆಳಗಿದ್ದದ್ದು ತಲೆಯಲ್ಲ, ಕುಂಡೆ. ತಲೆ ಮೇಲೆ, ಪಕ್ಕೆಲುಬಿನ ಅಡಿಗೆ ಗಟ್ಟಿಯಾಗಿ ಸಿಕ್ಕಿತು. ಈ ಸಲ ಅವಳು ಕೈ ತೆಗೆಯಲಿಲ್ಲ.

"ಈಗ ಬಂದ್ರ್ಯಾ?" ಉಮಾವತಿ ಕೇಳಿದಳು.

"ಬಂದೆ ಹೆಣೆ."

ಗುಣವತಿ ಎಳೆಯಲು ಹೋಗಲಿಲ್ಲ. ಸೊಂಟ, ಕಾಲು, ತೋಳು ತಾವಾಗಿ ಇಳಿಯುವವರೆಗೆ ಕಾದು, ಕೊನೆಗೆ ತಲೆಗೆ ಮಾತ್ರ ಬೆರಳು ಕೊಟ್ಟಳು. ಹೆಣ್ಣು ಕೂಸು, ನೀಲಿಗಟ್ಟಿತ್ತು. ಬಾಯಿ ಒರೆಸಿ ಬೆನ್ನು ಉಜ್ಜಿದಳು, ಉಜ್ಜುತ್ತಲೇ ಇದ್ದಳು. ಅಂತೂ ಅದು ಕಿರುಚಿತು. ಗುಲಾಬಿ ಬಾಗಿಲಲ್ಲೇ ಕುಳಿತು ಅತ್ತಳು.

ಉಮಾವತಿ ಕಣ್ಣು ತೆರೆಯಲಿಲ್ಲ. "ಕೂಗ್ತಾ ಇತ್ತಾ ಗುಣವತಕ್ಕ?"

"ಎಂತ ಹೆಣೆ, ಮನೆ ಹಾರ್ಕಂಡ್ ಹೋಪಷ್ಟ್ ಕೂಗ್ತಾ ಇತ್ತ್, ಕೇಣ್ತಿಲ್ಯಾ?"

"ಕೇಣತ್ತ್. ನೀವೇ ಬಾಯ್ ಬಿಟ್ಟ್ ಹೇಳ್ಕ್."

ಗುಣವತಿ ಕೂಗುತ್ತಲೇ ಇದ್ದ ಕೂಸನ್ನು ತಾಯಿಯ ಎದೆಯ ಮೇಲಿಟ್ಟು, ಅವಳ ಕಿವಿಯ ಹತ್ತಿರ ಬಾಗಿದಳು.

"ಕೂಗ್ತಾ ಇತ್ತ್."