ಮಧ್ಯಾಹ್ನದ ಗಂಟೆಗೆ ಉತ್ತರ

ಬಸವನ ಬಾಗೇವಾಡಿಯ ಹಲ್ಲಿನ ಡಾಕ್ಟರು ಭಾಗ್ಯಜ್ಯೋತಿಯ ಬಗ್ಗೆ ಸುತ್ತಲಿನ ಹಳ್ಳಿಯವರು ಎರಡು ಮಾತು ಹೇಳುತ್ತಿದ್ದರು. ಕೈ ಹಗುರ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ರೋಗಿಯ ಬಾಯಿಗೆ ಹತ್ತಿ ತುರುಕಿದ ಮೇಲೆಯೇ ಅವಳಿಗೆ ಪ್ರಶ್ನೆಗಳು ಹೊಳೆಯುತ್ತಿದ್ದವು. ಮಗಳ ಮದುವೆ ಎಲ್ಲಿಗೆ ಬಂತು, ಸಿಂದಗಿಯ ಬೀಗರು ಹೇಗಿದ್ದಾರೆ, ಹೊಸ ಸೊಸೆ ಎಂಥವಳು. ಜನ ಕಣ್ಣಲ್ಲೇ ಉತ್ತರ ಹೇಳಿ ಹೋಗುತ್ತಿದ್ದರು.

ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿದ ದಿನಗಳಲ್ಲಿ ಅವಳ ದವಾಖಾನೆಗೆ ಕಂದು ನಿಲುವಂಗಿ, ಕಪ್ಪು ಮುಸುಕಿನ ಕ್ರೈಸ್ತ ಸನ್ಯಾಸಿನಿಯೊಬ್ಬರು ಬಂದರು. ಹೆಸರು ಸಿಸ್ಟರ್ ರೆಜಿನಾ. ಮುಳವಾಡದ ಕಡೆ ಹೋಗುವ ದಾರಿಯಲ್ಲಿರುವ ಮಠದವರು.

ಆ ಮಠ ಭಾಗ್ಯಜ್ಯೋತಿಗೆ ಗೊತ್ತಿತ್ತು. ಅಂದರೆ ಅದರ ಗೋಡೆ ಗೊತ್ತಿತ್ತು. ಆಳೆತ್ತರಕ್ಕಿಂತ ಮೇಲೆ ಹೋದ ಕಲ್ಲಿನ ಗೋಡೆ, ಒಳಗಿನ ತೆಂಗಿನ ಮರಗಳ ತಲೆ, ಒಂದು ಗಂಟೆಗೋಪುರ. ಸ್ಕೂಟಿಯ ಮೇಲೆ ಹೋಗುವವರಿಗೆ ಕಾಣುವುದು ಇಷ್ಟೇ. ಊರವರು ಅದನ್ನು 'ಮಾತಾಡದ ಮಠ' ಎನ್ನುತ್ತಿದ್ದರು. ಒಳಗೆ ಹೋದವರು ಸಾಯುವ ತನಕ ಬಾಯಿ ಬಿಡುವುದಿಲ್ಲವಂತೆ ಎಂದು ಕೆಲವರು, ತಮ್ಮತಮ್ಮಲ್ಲೇ ಮುಖ ನೋಡಿಕೊಳ್ಳುವುದಿಲ್ಲವಂತೆ ಎಂದು ಇನ್ನು ಕೆಲವರು. ಇದರಲ್ಲಿ ಎಷ್ಟು ನಿಜ ಎಂದು ತಿಳಿದುಕೊಳ್ಳುವ ಆಸೆ ಭಾಗ್ಯಜ್ಯೋತಿಗೆ ಬಹಳ ದಿನದಿಂದ ಇತ್ತು.

"ನಮ್ಮ ಒಬ್ಬ ಸಿಸ್ಟರ್‌ಗೆ ಹಲ್ಲುನೋವು," ಎಂದರು ರೆಜಿನಾ. "ಅವರು ಹೊರಗೆ ಬರುವವರಲ್ಲ. ಆಸ್ಪತ್ರೆಗೆ, ಇಲ್ಲವೇ ಓಟು ಹಾಕುವುದಕ್ಕೆ ಮಾತ್ರ ಬರುತ್ತಾರೆ. ಕರೆತಂದರೆ ಬಹಳ ಕಾಯಿಸದೆ ನೋಡಿ ಕಳಿಸುತ್ತೀರಾ?"

"ಕರಕೊಂಡು ಬರ್ರಿ," ಎಂದಳು ಭಾಗ್ಯಜ್ಯೋತಿ, ಆ ಕ್ಷಣವೇ ಬಂದರೂ ಸರಿ ಎನ್ನುವಂತೆ.

ಮರುದಿನ ಬಂದವರು ಸಿಸ್ಟರ್ ಸೆಲೆಸ್ತಿನಾ. ತೆಳ್ಳಗೆ, ಬಾಡಿದ ಮುಖದ ಯಾರನ್ನೋ ಭಾಗ್ಯಜ್ಯೋತಿ ಕಲ್ಪಿಸಿಕೊಂಡಿದ್ದಳು. ಬಂದವರು ದುಂಡು ಮೈಯ, ಕೆಂಪು ಕೆನ್ನೆಯ ಹೆಂಗಸು. ಒಂದು ಕೆನ್ನೆ ಬಾತುಕೊಂಡಿದ್ದರೂ ದೊಡ್ಡ ದನಿಯಲ್ಲಿ "ನಮಸ್ಕಾರ ಡಾಕ್ಟರೇ" ಎಂದರು.

"ಮಾತಾಡ್ತಾರ್ರೀ ಮೇಡಂ," ಎಂದು ಸಹಾಯಕಿ ಅಲ್ಮಾಸ ಪಿಸುಗುಟ್ಟಿದಳು. ಸೆಲೆಸ್ತಿನಾರಿಗೆ ಅದೂ ಕೇಳಿಸಿತು. ನಕ್ಕರು, ನಕ್ಕದ್ದಕ್ಕೆ ಹಲ್ಲು ನೊಂದು ಕೆನ್ನೆ ಹಿಡಿದುಕೊಂಡರು.

ಹಲ್ಲು ಬೇರಿನ ತನಕ ಕೊಳೆತಿತ್ತು. ಕೆಲವು ಸಲ ಬರಬೇಕಾಗುತ್ತದೆ ಎಂದು ಹೇಳಿ ಭಾಗ್ಯಜ್ಯೋತಿ ಸೂಜಿ ಚುಚ್ಚಿದಳು. ಒಸಡು ಜೋಮು ಹಿಡಿಯುವವರೆಗೆ ಕಾಯಬೇಕಿತ್ತು. ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

ಸೆಲೆಸ್ತಿನಾ ಖಾನಾಪುರದ ಕಡೆಯವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ. ಮಾತಾಡಬಾರದೆಂಬ ನೇಮ ದಿನವಿಡೀ ಇರುತ್ತದೆ, ಆದರೆ ಊಟದ ನಂತರ ಒಂದು ಹೊತ್ತು ಎಲ್ಲರೂ ಕೂತು ಮಾತಾಡುತ್ತಾರೆ, ಆಗ ಯಾರ ಮಾತೂ ಯಾರಿಗೂ ಕೇಳದಷ್ಟು ಗದ್ದಲ ಎಂದರು. ಪೇಪರನ್ನು ಮಠದ ಹಿರಿಯರಾದ ಮದರ್ ಓದುತ್ತಾರೆ; ಪ್ರಾರ್ಥನೆ ಬೇಕಾದ ಸುದ್ದಿ ಇದ್ದರೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ತಾಯಿ ಊರಲ್ಲಿದ್ದಾರೆ, ಮೊಣಕಾಲು ಹಿಡಿದು ಪ್ರಯಾಣ ಮಾಡಲಾಗುತ್ತಿಲ್ಲ.

ಇಷ್ಟು ಕೇಳಿ ಭಾಗ್ಯಜ್ಯೋತಿ ಕೈಗವಸು ಬಿಚ್ಚಿದಳು. ಜೇಬಿನಿಂದ ಮೊಬೈಲು ತೆಗೆದಳು. "ನಂಬರ್ ಹೇಳ್ರಿ ಸಿಸ್ಟರ್. ವಿಡಿಯೊ ಕಾಲ್ ಹಚ್ಚಿ ಕೊಡ್ತೇನಿ. ಯಾರಿಗೂ ಹೇಳಂಗಿಲ್ಲ."

ಸೆಲೆಸ್ತಿನಾ ಅವಳ ಮುಖವನ್ನೇ ನೋಡಿದರು. "ನಮ್ಮಲ್ಲೂ ಫೋನ್ ಇದೆ ಡಾಕ್ಟರೇ. ಮದರ್ ಕೋಣೆಯಲ್ಲಿದೆ. ತಿಂಗಳಿಗೊಮ್ಮೆ ನಾನು ಅಮ್ಮನ ಹತ್ತಿರ ಮಾತಾಡುತ್ತೇನೆ. ಈಗ ತಪಸ್ಸು ಕಾಲ, ಈಸ್ಟರ್ ಹಬ್ಬದವರೆಗೆ ಫೋನೂ ಇಲ್ಲ, ನೋಡಲು ಬರುವವರೂ ಇಲ್ಲ. ಅಮ್ಮನಿಗೂ ಗೊತ್ತು. ಅವರು ಕಾಯುತ್ತಾರೆ, ನಾನೂ ಕಾಯುತ್ತೇನೆ."

ಭಾಗ್ಯಜ್ಯೋತಿ ಮೊಬೈಲನ್ನು ಜೇಬಿಗಿಳಿಸಿದಳು. ಸ್ವಲ್ಪ ನಾಚಿಕೆಯಾಯಿತು.

"ಆದರೆ ಒಂದು ವಿಷಯ ಕೇಳಲೇ?" ಸೆಲೆಸ್ತಿನಾರ ತುಟಿ ಆಗಲೇ ಜೋಮು ಹಿಡಿದಿತ್ತು, ಮಾತು ಓರೆಯಾಗಿ ಬಂತು. "ಮಧ್ಯಾಹ್ನದ ಪ್ರಾರ್ಥನೆಗೆ ಗಂಟೆ ಬಾರಿಸುವುದು ನಾನೇ. ನಾನು ಬಾರಿಸಿ ಮುಗಿಸಿದ ಸ್ವಲ್ಪ ಹೊತ್ತಿಗೆ ಗೋಡೆಯಾಚೆ ದೂರದಿಂದ ಕಬ್ಬಿಣ ಬಡಿದ ಸದ್ದು ಬರುತ್ತದೆ. ದಿನಾ ಬರುತ್ತದೆ. ನನ್ನ ಗಂಟೆಗೆ ಉತ್ತರ ಕೊಟ್ಟ ಹಾಗೆ. ಹೋದ ಮಳೆಗಾಲದಲ್ಲಿ ಕಾಲುವೆಗೆ ನೀರು ಬಂದಾಗಿನಿಂದ ಕೇಳುತ್ತಿದ್ದೇನೆ. ಅದು ಏನು?"

"ರೆಜಿನಾ ಸಿಸ್ಟರ್‌ನ ಕೇಳಬೇಕಿಲ್ಲೇನ್ರಿ?"

"ಕೇಳಬಹುದು. ಬೇಡ ಎನ್ನುವವರಿಲ್ಲ. ಆದರೆ ಹೊರಗಿನ ಕೆಲಸಕ್ಕೆ ಇರುವವರು ಅವರೊಬ್ಬರೇ. ಬ್ಯಾಂಕು, ದವಾಖಾನೆ, ಚರ್ಚುಗಳಿಗೆ ನಾವು ಸುಡುವ ಪೂಜೆಯ ರೊಟ್ಟಿ ಕಳಿಸುವುದು, ಎಲ್ಲ ಅವರೇ. ಒಂದು ಸದ್ದಿನ ಹಿಂದೆ ಅವರನ್ನು ಹೇಗೆ ಓಡಿಸಲಿ?"

ಬಾಯಿ ತೆರೆಯಲು ಹೇಳಿ ಭಾಗ್ಯಜ್ಯೋತಿ ಕೆಲಸಕ್ಕೆ ಕೈಹಾಕಿದಳು. ಅವತ್ತು ಅವಳು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ತಲೆಯಲ್ಲಿ ಆ ಸದ್ದು ಕೂತಿತ್ತು.

ಭಾನುವಾರ ದವಾಖಾನೆ ಮುಚ್ಚಿ ಅವಳು ಮುಳವಾಡದ ದಾರಿ ಹಿಡಿದಳು. ಮಠದ ಹಿಂದೆ ಕಾಲುವೆಯ ಏರಿಯ ಮೇಲೆ ಸ್ಕೂಟಿ ನಿಲ್ಲಿಸಿದಳು. ಮೊದಲು ಬರೀ ಜೋಳ, ತೊಗರಿ ಕಾಣುತ್ತಿದ್ದ ಎರೆಹೊಲದಲ್ಲಿ ಈಗ ಬೇಸಿಗೆಯ ಶೇಂಗಾ ಹಸಿರಾಗಿತ್ತು. ಗೋಪುರದ ಗಂಟೆ ಬಾರಿಸಿತು. ನಿಂತಿತು. ಕೆಳಗಿನ ಹೊಲದಲ್ಲಿ ಬಗ್ಗಿದ್ದ ಒಬ್ಬ ಮನುಷ್ಯ ಎದ್ದು ಸಲಿಕೆಯಿಂದ ಮಣ್ಣು ಎಳೆದು ನೀರಿನ ಹಾದಿ ಮುಚ್ಚಿದ. ಇನ್ನೊಂದು ಕಡೆ ಒಡ್ಡು ಬಿಡಿಸಿದ. ಆಮೇಲೆ ಬೇವಿನ ಗಿಡಕ್ಕೆ ಜೋತುಬಿಟ್ಟಿದ್ದ ಪೈಪಿನ ತುಂಡಿಗೆ ಸಲಿಕೆಯ ಹಿಂಬದಿಯಿಂದ ಠಣ್ ಠಣ್ ಎಂದು ಬಡಿದ.

ಅವನ ಹೆಸರು ಮಾನಪ್ಪ. ಬುತ್ತಿ ಬಿಚ್ಚುತ್ತಿದ್ದ ಅವನ ಹೆಂಡತಿ ಹನಮವ್ವ ಡಾಕ್ಟರನ್ನು ಗುರುತಿಸಿದಳು. ಬಂದ ಕಾರಣ ಕೇಳಿ, "ಹಲ್ಲಿನ ಡಾಕ್ಟರ್ ಅಲ್ರೀ ನೀವು? ಸಪ್ಪಳಕ್ಕ ಏನ ಔಷಧ ಕೊಡ್ತೀರಿ?" ಎಂದು ರೊಟ್ಟಿ ಮುಂದೆ ಮಾಡಿದಳು.

ಮಾನಪ್ಪ ಕೂತು ವಿವರಿಸಿದ. "ಮೊದಲ ಇಲ್ಲಿ ನೀರ ಇರಲಿಲ್ರಿ, ಜಗಳಾನೂ ಇರಲಿಲ್ಲ. ಕೆನಾಲ ಬಂತು. ಮುಂಜಾನಿಂದ ಮಧ್ಯಾಹ್ನತನಕ ನೀರಿನ ಪಾಳಿ ನಂದು. ಮುಂದ ಆ ಕಡೆ ಹೊಲದ ಸಿದ್ದರಾಯಂದು. ಅವ ಬಂದು ಮಧ್ಯಾಹ್ನ ಆತು ಅಂತಿದ್ದ, ನಾ ಇನ್ನಾ ಆಗಿಲ್ಲ ಅಂತಿದ್ದೆ."

"ಮೊಬೈಲ್‌ದಾಗ ಟೈಮ ಇರ್ತೈತಲ್ರಿ?"

"ಇಬ್ಬರ ಹಂತ್ಯಾಕೂ ಐತ್ರಿ. ಅವಂದ ನಾ ನಂಬಾಂಗಿಲ್ಲ, ನಂದ ಅವ ನಂಬಾಂಗಿಲ್ಲ. ಕಡೀಕ ಮಾತಾ ಬಿಟ್ಟ್ವಿ. ಆ ಮಠದ ಗಂಟಿ ನೋಡ್ರಿ, ಅದು ಅವಂದೂ ಅಲ್ಲ, ನಂದೂ ಅಲ್ಲ. ಅದು ಬಡದ ಕೂಡ್ಲೆ ನಾ ನೀರ ತಿರುವಿ ಪೈಪಿಗೆ ಬಡೀತೇನಿ. ಅವಗ ತಿಳೀತೈತಿ. ಮಾತಾಡೂ ಕೆಲಸಾ ಇಲ್ಲ." ರೊಟ್ಟಿ ಮುರಿಯುತ್ತ ಕೇಳಿದ: "ಅದನ್ನ ಬಾರಿಸಾವರು ಯಾರ್ರಿ? ಮಳಿ ಇರ್ಲಿ, ಗಾಳಿ ಇರ್ಲಿ, ಒಂದಿನಾ ತಪ್ಪಿಲ್ಲ ನೋಡ್ರಿ."

"ಹಲ್ಲುನೋವಿದ್ದಾಗೂ ತಪ್ಪಿಲ್ಲ," ಎಂದಳು ಭಾಗ್ಯಜ್ಯೋತಿ. ಹೊರಡುವಾಗ ಹನಮವ್ವ ತನ್ನ ಒಸಡು ತೋರಿಸಿ ಅವಳ ನಂಬರು ಪಡೆದುಕೊಂಡಳು.

ಮುಂದಿನ ಸಲ ಸೆಲೆಸ್ತಿನಾ ಬಂದಾಗ ಭಾಗ್ಯಜ್ಯೋತಿ ಎಲ್ಲವನ್ನೂ ಹೇಳಿದಳು. ಅವರು ಕುರ್ಚಿಯಲ್ಲಿ ಎದ್ದು ಕೂತರು. "ನೀರು," ಎಂದರು. "ನಾನು ಶಾಲೆಯ ಗಂಟೆ ಅಂದುಕೊಂಡಿದ್ದೆ. ನಮ್ಮ ಒಬ್ಬ ಸಿಸ್ಟರ್, ಯಾರೋ ನಮ್ಮನ್ನು ಅಣಕಿಸುತ್ತಾರೆ ಎನ್ನುತ್ತಿದ್ದರು. ಇವತ್ತು ಊಟದ ನಂತರ ಹೇಳುತ್ತೇನೆ." ಆಮೇಲೆ ಬಾಯಿ ತೆರೆದು ಮಲಗಿದರು. ಉಪಕರಣ ಗಿರ್ರೆನ್ನುತ್ತಿದ್ದರೂ ಅವರ ಕಣ್ಣಿನ ನಗು ಹೋಗಲಿಲ್ಲ.

ಶೇಂಗಾ ಹೂವಾಡುವ ಹೊತ್ತಿಗೆ, ಒಂದು ಶುಕ್ರವಾರ ಮಧ್ಯಾಹ್ನ, ಮಾನಪ್ಪನ ಫೋನು ಬಂತು.

"ಡಾಕ್ಟರ್, ಗಂಟಿ ನಿಂತೈತ್ರಿ. ನಿನ್ನಿ ಸಂಜಿಗೆ ಎಂದೂ ಇಲ್ಲದಾಂಗ ಬಾಳೊತ್ತ ಬಡಕೊಂತು. ಆಮ್ಯಾಲ ಗಪ್. ಮುಂಜಾನೆ ಇಲ್ಲ, ಈಗೂ ಇಲ್ಲ. ಒಳಗ ಏನರ ಆಗೈತೇನ್ರಿ?"

ಭಾಗ್ಯಜ್ಯೋತಿ ಕಾಯುತ್ತಿದ್ದವರನ್ನು ಸಂಜೆಗೆ ಬರಹೇಳಿ ಸ್ಕೂಟಿ ಹತ್ತಿದಳು.

ಮಠದ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಂದು ಕಂಬದ ಬಳಿ ಮಾನಪ್ಪ. ಇನ್ನೊಂದರ ಬಳಿ ಹಳದಿ ರುಮಾಲಿನ ಎತ್ತರದ ಮನುಷ್ಯ. ಅವನೇ ಸಿದ್ದರಾಯ. ಗಂಟೆ ಕೇಳಿಸದಿದ್ದರಿಂದ ಮಾನಪ್ಪ ನೀರು ತಿರುಗಿಸಿರಲಿಲ್ಲ. ಕಾದು ಕಾದು ಸಿದ್ದರಾಯ ಒಡ್ಡಿನ ಮೇಲೆ ಬಂದಿದ್ದ. ಜಗಳಕ್ಕೆ ಬಂದ ಎಂದುಕೊಂಡು ಮಾನಪ್ಪ ಸಲಿಕೆ ಗಟ್ಟಿಯಾಗಿ ಹಿಡಿದನಂತೆ. ಆದರೆ ಸಿದ್ದರಾಯ ಕೇಳಿದ್ದು ಒಂದೇ ಮಾತು: "ಗಂಟಿ ಕೇಳ್ಸಿತೇನು?" ಇಲ್ಲ ಎಂದನಂತೆ ಮಾನಪ್ಪ. ಇಬ್ಬರೂ ಮಠದ ಕಡೆ ನಡೆದಿದ್ದರು, ಒಬ್ಬ ಏರಿಯ ಆ ಬದಿ, ಒಬ್ಬ ಈ ಬದಿ. ಬಂದ ಮೇಲೆ, ಹೆಂಗಸರ ಮಠ, ಹೇಗೆ ಕೂಗುವುದು ಎಂದು ನಿಂತುಬಿಟ್ಟಿದ್ದರು.

ಭಾಗ್ಯಜ್ಯೋತಿ ಅವರನ್ನು ಒಳಗಿನ ಚಿಕ್ಕ ಪಡಸಾಲೆಗೆ ಕರೆದೊಯ್ದಳು. ಅಲ್ಲಿ ಸೆಲೆಸ್ತಿನಾ ಹೇಳಿದ್ದಂತೆಯೇ ಗೋಡೆಯೊಳಗೆ ಕೂಡಿಸಿದ ಸುತ್ತುವ ಮರದ ಕಪಾಟು ಇತ್ತು. ಹೊರಗಿನವರು ಅದರಲ್ಲಿ ಕಾಯಿಪಲ್ಯೆ, ಹಾಲು ಇಟ್ಟು ತಿರುಗಿಸಿದರೆ ಸಾಮಾನು ಒಳಗೆ ಹೋಗುತ್ತದೆ. ಆಚೆ ಈಚೆಯವರ ಮುಖ ಕಾಣುವುದಿಲ್ಲ. ಪಕ್ಕದ ಹಲಗೆಯನ್ನು ತಟ್ಟಿದಳು.

ಬಹಳ ಹೊತ್ತಿನ ಮೇಲೆ ಒಳಗಿನಿಂದ ತಗ್ಗಿದ ದನಿ ಬಂತು. "ದೇವರಿಗೆ ಸ್ತೋತ್ರ. ಯಾರು?" ಸೆಲೆಸ್ತಿನಾರದೇ ದನಿ.

"ನಾ ಭಾಗ್ಯಜ್ಯೋತಿ ಸಿಸ್ಟರ್. ಹೊಲದವರು ಬಂದಾರ. ಗಂಟಿ ಯಾಕ ನಿಂತೈತಿ ಅಂತ ಕೇಳಾಕ."

ಒಳಗೆ ಉಸಿರೆಳೆದುಕೊಂಡದ್ದು ಕೇಳಿಸಿತು. "ಅಯ್ಯೋ, ನನಗೆ ಹೊಳೆಯಲೇ ಇಲ್ಲ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ದಿನ ಇದು. ನಿನ್ನೆ ಸಂಜೆಯ ಪೂಜೆಯಲ್ಲಿ ಕಡೆಯ ಸಲ ಬಾರಿಸಿ ನಿಲ್ಲಿಸುತ್ತೇವೆ. ನಾಳೆ ರಾತ್ರಿಯ ಪೂಜೆಯವರೆಗೆ ಗಂಟೆ ಇಲ್ಲ. ಒಳಗೆ ಮರದ ಹಲಗೆ ಬಡಿಯುತ್ತೇವೆ. ಅದು ಗೋಡೆ ದಾಟುವುದಿಲ್ಲ."

"ಅಂದ್ರ ಸೂತಕ ಇದ್ದಾಂಗ," ಎಂದ ಸಿದ್ದರಾಯ. ಅವನದು ಹೊಲದಾಚೆಗೂ ಕೇಳುವಂಥ ದನಿ.

"ಹೌದು. ಹಾಗೇ."

"ಒಳಗಿರಾವ್ರು ಎಲ್ಲಾರೂ ಆರಾಮ ಅದೀರಿ ಹೌದಲ್ಲೋ?"

"ಆರಾಮ ಇದ್ದೇವೆ. ಅದನ್ನು ಕೇಳುವುದಕ್ಕೆ ಬಂದಿರಾ?"

ಬಂದದ್ದು ಅದಕ್ಕೇ ಎಂದು ಹೇಳಿಕೊಳ್ಳಲು ಇಬ್ಬರಿಗೂ ಸಂಕೋಚ.

"ನಿಮ್ಮ ನೀರಿನ ವಿಷಯ ಡಾಕ್ಟರು ಹೇಳಿದ್ದರು," ಎಂದಿತು ದನಿ. "ಮದರ್ ಅವರನ್ನು ಕೇಳುತ್ತೇನೆ. ನಾಳೆ ಮಧ್ಯಾಹ್ನ ರೆಜಿನಾ ಸಿಸ್ಟರ್ ಹೊಲಕ್ಕೇ ಬಂದು ಹೊತ್ತಾಯಿತು ಎಂದು ಹೇಳಬಹುದು."

"ಬ್ಯಾಡ್ರಿ ಯವ್ವಾ," ಎಂದ ಸಿದ್ದರಾಯ. "ಸೂತಕದಾಗ ಅವರನ್ನ ಯಾಕ ಬಿಸಲಿಗೆ ಹಾಕ್ತೀರಿ? ನಾಳೀತನಕದ ಮಾತು. ನಾವು ನೋಡ್ಕೊಂತೇವಿ."

'ನಾವು' ಎಂದದ್ದಕ್ಕೆ ಮಾನಪ್ಪ ತಿರುಗಿ ಅವನನ್ನು ನೋಡಿದ. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಹೇಳಿದ: "ನೀರ ಇನ್ನಾ ನನ್ನ ಹೊಲದಾಗ ಹರ್ಯಾಕತ್ತೈತಿ. ಲಗೂನ ನಡಿ." ಇಬ್ಬರೂ ಏರಿಯ ಒಂದೇ ಬದಿಗೆ ಹೋದರು, ನೆರಳು ಇದ್ದದ್ದು ಆ ಬದಿಗೇ.

ಅವರಿಬ್ಬರೂ ಗೆಳೆಯರಾದರು ಎಂದೇನಲ್ಲ. ಹಬ್ಬ ಮುಗಿದು ಗಂಟೆ ಶುರುವಾಯಿತು, ಪೈಪಿನ ಸದ್ದೂ ಶುರುವಾಯಿತು. ಒಸಡು ತೋರಿಸಲು ಬಂದ ಹನಮವ್ವ ಹೇಳಿದಳು: "ಈಗ ಮಾತಾಡ್ತಾರ್ರಿ. ನೀರಿನ ಮಾತು ಅಷ್ಟಾ. ಮನಿ ಮಾತಿಗಿ ಇನ್ನಾ ಬಂದಿಲ್ಲ. ಬರ್ಲಿ, ಗಡಬಡಿ ಏನೈತಿ."

ಸೆಲೆಸ್ತಿನಾರ ಹಲ್ಲಿಗೆ ಟೋಪಿ ಕೂಡಿಸಿದ ದಿನ ಅವರು, "ಇನ್ನು ನಾನು ಬರುವುದಿಲ್ಲ. ಈಗ ತಪಸ್ಸು ಕಾಲ ಮುಗಿಯಿತು, ನೀವೇ ಬನ್ನಿ. ಬೇಕಾದ್ದು ಕೇಳಿ," ಎಂದಿದ್ದರು. ಮುಂದಿನ ಭಾನುವಾರವೇ ಭಾಗ್ಯಜ್ಯೋತಿ ಹೋದಳು.

ಭೇಟಿಯ ಕೋಣೆಯನ್ನು ಮರದ ಸರಳುಗಳ ಜಾಲರಿಯೊಂದು ಎರಡು ಮಾಡಿತ್ತು. ಈ ಕಡೆ ಒಂದು ಕುರ್ಚಿ, ಆ ಕಡೆ ಒಂದು ಕುರ್ಚಿ. ಪರದೆ ಸರಿಯಿತು. ಸೆಲೆಸ್ತಿನಾ ಬಂದು ಕೂತರು. ದವಾಖಾನೆಯ ದೀಪದ ಕೆಳಗಿಲ್ಲದೆ ಮುಖ ಬೇರೆಯೇ ಆಗಿ ಕಾಣುತ್ತಿತ್ತು.

ಭಾಗ್ಯಜ್ಯೋತಿಗೆ ಎಷ್ಟೋ ಕೇಳುವುದಿತ್ತು. ಬಾಯಿಗೆ ಬಂದದ್ದು ಇದು: "ಸಿಸ್ಟರ್, ಅವತ್ತ ಕಪಾಟಿನ ಆಚೆ ಇದ್ದವರನ್ನ ನೋಡಬೇಕು ಅನಿಸಲಿಲ್ಲೇನ್ರಿ? ಒಂದು ಹಲಗಿ ಅಷ್ಟಾ ಅಡ್ಡ ಇತ್ತು."

"ಅನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ," ಎಂದರು ಸೆಲೆಸ್ತಿನಾ. "ಅನಿಸುತ್ತದೆ. ಅನಿಸಿದ್ದನ್ನೆಲ್ಲ ಮಾಡುವುದಿಲ್ಲ ಎಂದು ಮಾತು ಕೊಟ್ಟು ಒಳಗೆ ಬಂದವಳು ನಾನು. ಹಾಗಂತ ಲೋಕ ಹೇಗಿದ್ದರೂ ನನಗೇನು ಅಂತಲ್ಲ. ಯಾರಿಗಾಗಿ ಪ್ರಾರ್ಥನೆ ಮಾಡುತ್ತೇನೋ ಅವರು ಹೇಗಿದ್ದಾರೆ ಅಂತ ತಿಳಿದಿದ್ದರೆ ಒಳ್ಳೆಯದೇ."

ಅವರು ಕುರ್ಚಿಯನ್ನು ಜಾಲರಿಯ ಹತ್ತಿರಕ್ಕೆ ಎಳೆದುಕೊಂಡರು.

"ಆ ದೊಡ್ಡ ದನಿಯವರು, ಸೂತಕ ಅಂದವರು. ಅವರು ನೋಡಲು ಹೇಗಿದ್ದಾರೆ? ಮೊದಲು ಅದನ್ನು ಹೇಳಿ."

ಭಾಗ್ಯಜ್ಯೋತಿ ಸಿದ್ದರಾಯನ ಮುಖ ನೆನಪು ಮಾಡಿಕೊಳ್ಳತೊಡಗಿದಳು. ಮೊದಲು ನೆನಪಿಗೆ ಬಂದದ್ದು ಅವನ ಹಲ್ಲು. "ಮುಂದಿನ ಒಂದು ಹಲ್ಲಿಲ್ರಿ," ಎಂದು ಶುರುಮಾಡಿದಳು.